ಲೋಟ ಎಷ್ಟು ಸಲ ಎತ್ತಿದಿರಿ?

ಒಂದು ಸಂಜೆ ಓದಿದ ಲೇಖನ ನನ್ನ ನಿದ್ದೆ ಕೆಡಿಸಿತು. ನಾನು ಫಿಸಿಯೋಥೆರಪಿಸ್ಟ್ ಆಗಿ ಆಗ ಹನ್ನೊಂದು ವರ್ಷ ಆಗಿತ್ತು. ಹೆಚ್ಚಿನ ಕಾಲ ಲಕ್ವ ಹೊಡೆದವರ ವಾರ್ಡಿನಲ್ಲೇ ಕೆಲಸ. ಲೇಖನ 2009ರದ್ದು. ಕ್ಯಾಥರೀನ್ ಲ್ಯಾಂಗ್ ಮತ್ತು ಅವರ ಜೊತೆಯವರು ಬೇರೆ ಬೇರೆ ಕಡೆ 312 ಚಿಕಿತ್ಸಾ ಸೆಷನ್‌ಗಳನ್ನು ಪಕ್ಕದಲ್ಲಿ ನಿಂತು ನೋಡಿದ್ದರು. ನೋಡಿದ್ದು ಒಂದೇ ಸಂಗತಿ: ಲಕ್ವ ಆದವರು ಒಂದು ಸೆಷನ್‌ನಲ್ಲಿ ಯಾವ ಚಲನೆಯನ್ನು ಎಷ್ಟು ಸಲ ಮಾಡುತ್ತಾರೆ?

ಹಿಡಿಯುವುದು, ಎತ್ತುವುದು, ಇಡುವುದು ಇಂಥ ಕೈಕೆಲಸದ ಅಭ್ಯಾಸ, ಕೈಗೆ ಚಿಕಿತ್ಸೆ ಕೊಟ್ಟವುಗಳ ಪೈಕಿಯೂ ಅರ್ಧದಷ್ಟು ಸೆಷನ್‌ಗಳಲ್ಲಿ ಮಾತ್ರ ನಡೆದಿತ್ತು. ನಡೆದ ಕಡೆಯೂ ಸರಾಸರಿ 32 ಸಲ. ನಡಿಗೆಯಾದರೆ 357 ಹೆಜ್ಜೆ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಪೆಟ್ಟು ಬಿದ್ದ ಮಿದುಳು ಹೊಸ ದಾರಿ ಹುಡುಕಿಕೊಳ್ಳಲಿ ಅಂತ ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ನಮ್ಮ ರೋಗಿಗಳಿಗೆ ಸಿಗುವುದು 32.

ನಮ್ಮ ವಾರ್ಡಿನಲ್ಲಿ ಹಾಗಿರಲಿಕ್ಕಿಲ್ಲ ಅಂದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ.

ಮಾರನೇ ದಿನ ಜೇಬಿನಲ್ಲಿ ಒಂದು ಎಣಿಕೆ ಗುಂಡಿ ಇಟ್ಟುಕೊಂಡು ಹೋದೆ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಅಂತ ಒಂದು ಅಂಕಿ ಏರುವ ಚಿಕ್ಕ ಸಾಧನ. ಮೊದಲ ಸರದಿ ಅರವತ್ತು ದಾಟಿದ ಒಬ್ಬ ಅಮ್ಮನದು. ಬಲಗೈಯ ಶಕ್ತಿ ಹೋಗಿ ಮೂರನೇ ವಾರ. ಭುಜ ಸ್ವಲ್ಪ ಏಳುತ್ತಿತ್ತು. ಬೆರಳು ಮುಚ್ಚುತ್ತಿದ್ದವು, ಬಿಚ್ಚುವುದು ಮಾತ್ರ ಕಷ್ಟ. ಮೇಜಿನ ಮೇಲಿನ ಪ್ಲಾಸ್ಟಿಕ್ ಲೋಟ ಹಿಡಿದು ಒಂದು ಗೇಣು ಆಚೆ ಇಡಬೇಕು, ಅಷ್ಟೇ ಕೆಲಸ.

ಮೊದಲ ಸಲ ಹೆಬ್ಬೆರಳು ಅಂಗೈ ಒಳಗೇ ಮಡಚಿಕೊಂಡಿತು. ನಾನು ಬಿಡಿಸಿದೆ. ಎರಡನೇ ಸಲ ಕೈ ಚಾಚುವ ಬದಲು ಇಡೀ ಮೈಯನ್ನೇ ಮುಂದಕ್ಕೆ ಬಗ್ಗಿಸಿದರು. ಬೆನ್ನು ಕುರ್ಚಿಗೆ ಒರಗಿಸಿ ಮತ್ತೆ ಶುರು. ಮೂರನೇ ಸಲ ಲೋಟ ಸಿಕ್ಕಿತು. ಆದರೆ ಬಿಡಲಿಕ್ಕೆ ಬರಲಿಲ್ಲ. ಬೆರಳು ಲೋಟಕ್ಕೆ ಅಂಟಿದ ಹಾಗೆ ಗಟ್ಟಿಯಾಗಿ ಕೂತವು. ಅವರು ಆ ಬೆರಳುಗಳನ್ನೇ ದಿಟ್ಟಿಸಿ ನೋಡುತ್ತಾ ಕಾದರು. ಒಂದೊಂದಾಗಿ ಸಡಿಲವಾದವು. ಲೋಟ ವಾಲಾಡಿ ನಿಂತಿತು. ಟಿಕ್.

ನಲವತ್ತೈದು ನಿಮಿಷ ಮುಗಿದ ಮೇಲೆ ಗುಂಡಿ ನೋಡಿದೆ. 19.

"ಸಾಕಾಯ್ತಾ ಅಮ್ಮ, ಸುಸ್ತಾಯ್ತಾ?" ಅಂದೆ.

"ನನಗೇನೂ ಸಾಕಾಗಿಲ್ಲಪ್ಪ. ನಿಮಗೇ ಹೊತ್ತಾಯ್ತು ಅಲ್ವಾ" ಅಂದರು.

ಆ ಮಾತು ಚುಚ್ಚುವುದಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ಜಾಸ್ತಿ ತಟ್ಟಿತು.

ನಲವತ್ತೈದು ನಿಮಿಷ ಎಲ್ಲಿ ಹೋಯಿತು ಅಂತ ಆ ವಾರವಿಡೀ ಬರೆದಿಟ್ಟುಕೊಂಡೆ. ಮಂಚದಿಂದ ಕುರ್ಚಿಗೆ ಕೂರಿಸುವುದು, ಬಿಪಿ ನೋಡುವುದು, ಜಾರಿದ ದಿಂಬು ಸರಿಮಾಡುವುದು, ಸ್ಕ್ಯಾನ್‌ಗೆ ಹೋದವರು ವಾಪಸ್ ಬರುವವರೆಗೆ ಕಾಯುವುದು, ಮನೆಯವರ ಪ್ರಶ್ನೆಗೆ ಉತ್ತರ ಕೊಡುವುದು. ಇವು ಯಾವುವೂ ದಂಡದ ಕೆಲಸ ಅಲ್ಲ. ಎಲ್ಲಾ ಬೇಕು. ಆದರೆ ಇವೆಲ್ಲ ಮುಗಿದು ಉಳಿಯುವ ಚೂರಿನಲ್ಲಿ ಕೈಗೆ ಸಿಗುವುದು ಹತ್ತು ನಿಮಿಷ. ಅದರಲ್ಲೂ ಅರ್ಧ ಹೊತ್ತು ಅವರ ಕೈಯನ್ನು ಆಡಿಸುತ್ತಿದ್ದವನು ನಾನು. ಅವರಾಗಿ ಆಡಿಸಿದ್ದು ಕಡಿಮೆ.

ಉಳಿದ ದಿನದ ಕಥೆ ಇನ್ನೂ ಕಷ್ಟದ್ದು. ಜೂಲಿ ಬರ್ನ್‌ಹಾರ್ಟ್ ಅವರ ತಂಡ ಮೆಲ್ಬರ್ನ್‌ನ 5 ಆಸ್ಪತ್ರೆಗಳಲ್ಲಿ, ಲಕ್ವ ಆಗಿ ಹದಿನಾಲ್ಕು ದಿನದೊಳಗಿನ 58 ಜನರನ್ನು ಹಗಲಿಡೀ ಗಮನಿಸಿತ್ತು. ಅದು 2004ರಲ್ಲಿ ಪ್ರಕಟವಾಯಿತು. ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಅವರು ಮಂಚದಲ್ಲೇ ಇದ್ದರು. ಮೈ ಚೇತರಿಸಿಕೊಳ್ಳಲು ನೆರವಾಗುವ ಚಟುವಟಿಕೆಗೆ ಸಿಕ್ಕಿದ್ದು ಶೇಕಡಾ 13 ಹೊತ್ತು. ಶೇಕಡಾ 60 ಹೊತ್ತು ಒಬ್ಬರೇ. ಈ ಕೊನೆಯ ಅಂಕಿ ಓದಿದಾಗ ನನಗೆ ನಮ್ಮ ವಾರ್ಡಿನ ಮಧ್ಯಾಹ್ನ ಮೂರು ಗಂಟೆ ಕಣ್ಣೆದುರು ಬಂತು. ಫ್ಯಾನ್ ತಿರುಗುತ್ತಿರುತ್ತದೆ, ಎಲ್ಲರೂ ಸೂರು ನೋಡುತ್ತಾ ಮಲಗಿರುತ್ತಾರೆ. ಮಿದುಳು ಕಲಿಯಲು ತಯಾರಿರುವ ಮೊದಲ ವಾರಗಳು ಹೀಗೆ ಹೋಗುತ್ತಿವೆ. ನಾವೋ, ಅದನ್ನು "ರೆಸ್ಟ್" ಅನ್ನುತ್ತೇವೆ.

ಸಂಶೋಧನೆಯಲ್ಲಿ ಗೊತ್ತಾದದ್ದು ರೋಗಿಯ ಹಾಸಿಗೆಯವರೆಗೆ ಬರಲು 17 ವರ್ಷ ಬೇಕು ಅನ್ನುವ ಮಾತನ್ನು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಕೇಳಿರುತ್ತಾರೆ. 2000ದಲ್ಲಿ ಬಾಲಸ್ ಮತ್ತು ಬೋರೆನ್ ಮಾಡಿದ ಲೆಕ್ಕ ಅದು. ಅಷ್ಟು ವರ್ಷ ಕಳೆದರೂ ತಲುಪುವುದು ಮೂಲ ಸಂಶೋಧನೆಯ ಶೇಕಡಾ 14 ಮಾತ್ರ ಅಂತಲೂ ಅವರು ಬರೆದಿದ್ದರು. ಕಾಲೇಜಿನಲ್ಲಿ ಇದನ್ನು ಕೇಳಿದಾಗ, ಥೆರಪಿಸ್ಟ್‌ಗಳು ಓದುವುದಿಲ್ಲ, ಅದಕ್ಕೇ ಹೀಗೆ ಅಂತ ತಿಳಿದಿದ್ದೆ. ನಾನು ಓದುತ್ತಿದ್ದೆ. ಆದರೂ ನನ್ನ ಗುಂಡಿ ತೋರಿಸಿದ್ದು 19. ಹಾಗಾದರೆ ತಡೆ ಇರುವುದು ಬೇರೆಲ್ಲೋ.

ಆ ಬೇರೆಲ್ಲೋ ಎಲ್ಲಿ ಅಂತ ಹುಡುಕಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲ ಪ್ರಯತ್ನದಲ್ಲೇ ಎಡವಿದೆ. ಸರಿಯಿರುವ ಕೈಗೆ ದಪ್ಪ ಕೈಗವಸು ಹಾಕಿ, ದುರ್ಬಲ ಕೈಯಿಂದಲೇ ಎಲ್ಲಾ ಮಾಡಿಸುವ ಒಂದು ಚಿಕಿತ್ಸೆ ಇದೆ. ಎಡ್ವರ್ಡ್ ಟಾಬ್ ಅವರು ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಹುಟ್ಟಿದ ವಿಚಾರ. ಬಳಸದೇ ಬಳಸದೇ ಕೈಯನ್ನು ಮಿದುಳು ಮರೆತುಬಿಡುತ್ತದೆ, ಬಲವಂತವಾಗಿ ಬಳಸಿದರೆ ಮತ್ತೆ ನೆನಪಾಗುತ್ತದೆ ಅನ್ನುವುದು ಅದರ ತಿರುಳು. 2006ರಲ್ಲಿ ಬಂದ ಎಕ್ಸೈಟ್ ಅನ್ನುವ ಅಧ್ಯಯನದಲ್ಲಿ 222 ಜನರಿದ್ದರು. ಫಲಿತಾಂಶ ಚೆನ್ನಾಗಿತ್ತು, ಒಂದು ವರ್ಷ ಆದಮೇಲೂ ಉಳಿದಿತ್ತು. ನಾನು ಹುರುಪಿನಲ್ಲಿ ಕೈಗವಸು ಹೊಲಿಸಿದೆ.

ಎರಡೇ ವಾರದಲ್ಲಿ ಅವು ಕಪಾಟು ಸೇರಿದವು. ಯಾಕೆ? ಆ ಅಧ್ಯಯನದಲ್ಲಿ ದಿನಕ್ಕೆ ಆರು ಗಂಟೆಯವರೆಗೂ ತರಬೇತಿ ಇತ್ತು, ಎಚ್ಚರ ಇರುವ ಹೊತ್ತಿನ ಶೇಕಡಾ 90 ಭಾಗ ಕೈಗವಸು ಹಾಕಿರಬೇಕಿತ್ತು. ಸೇರಿಸಿಕೊಂಡಿದ್ದು ಲಕ್ವ ಆಗಿ ಮೂರರಿಂದ ಒಂಬತ್ತು ತಿಂಗಳಾದವರನ್ನು. ಮಣಿಕಟ್ಟು, ಬೆರಳುಗಳನ್ನು ಕನಿಷ್ಠ 10 ಡಿಗ್ರಿಯಷ್ಟಾದರೂ ಅವರೇ ಮೇಲೆತ್ತಬಲ್ಲವರಾಗಿರಬೇಕಿತ್ತು. ನಮ್ಮ ಮಂಚಗಳಲ್ಲಿ ಇದ್ದವರಿಗೆ ಲಕ್ವ ಆಗಿ ಎರಡು ಮೂರು ವಾರ. ಹಲವರಿಗೆ ಬೆರಳೇ ಅಲ್ಲಾಡುತ್ತಿರಲಿಲ್ಲ. ಆರು ಗಂಟೆ ಜೊತೆಗಿರುವವರು ನಮ್ಮಲ್ಲಿ ಯಾರಿದ್ದಾರೆ? ಕೈಗವಸು ಹಾಕಿದ ಒಬ್ಬರು ಅದರಿಂದಾಗಿ ಊರುಗೋಲು ಹಿಡಿಯಲಾಗದೆ ತತ್ತರಿಸಿದರು. ಸಿಸ್ಟರ್ ಓಡಿ ಬಂದು ಹಿಡಿದರು, ಏನೂ ಆಗಲಿಲ್ಲ. ಆದರೆ ಆ ಸಿಸ್ಟರ್ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ಚಿಕಿತ್ಸೆ ಕೆಟ್ಟದ್ದಲ್ಲ. ನಾನು ಅದರ ಹೆಸರನ್ನು ತಂದಿದ್ದೆ, ಅದು ನಡೆಯಲು ಬೇಕಾದದ್ದನ್ನು ತಂದಿರಲಿಲ್ಲ.

ಆಮೇಲೆ ಹುಡುಕುವ ರೀತಿಯೇ ಬದಲಾಯಿತು. ಯಾವುದು ಎಲ್ಲಕ್ಕಿಂತ ಒಳ್ಳೆಯದು ಅಂತ ಹುಡುಕುವುದು ಬಿಟ್ಟೆ. ನಮ್ಮ ಮಧ್ಯಾಹ್ನ ಮೂರು ಗಂಟೆಗೆ ಯಾವುದು ಹೊಂದುತ್ತದೆ ಅಂತ ಹುಡುಕಿದೆ. ಸಿಡ್ನಿ ವಿಶ್ವವಿದ್ಯಾಲಯದವರು 1999ರಲ್ಲಿ ಶುರುಮಾಡಿದ ಪೆಡ್ರೋ ಅನ್ನುವ ಉಚಿತ ಮಾಹಿತಿ ಕೋಶ ಇದೆ. ಫಿಸಿಯೋಥೆರಪಿಯ ಪ್ರಯೋಗಗಳನ್ನು ಒಂದೆಡೆ ಸೇರಿಸಿ, ಎಷ್ಟು ನೆಚ್ಚಬಹುದು ಅಂತ ಹತ್ತಕ್ಕೆ ಅಂಕ ಹಾಕಿ ಇಟ್ಟಿದ್ದಾರೆ. ನಮ್ಮಂಥ ಬಿಡುವಿಲ್ಲದವರಿಗೆ ಇದು ದೊಡ್ಡ ಉಪಕಾರ. ಹುಡುಕಾಡುವಾಗ ಕಣ್ಣಿಗೆ ಬಿದ್ದದ್ದು ಗ್ರಾಸ್ಪ್ ಅನ್ನುವ ಕಾರ್ಯಕ್ರಮ. ಕೆನಡಾದ ಜೋಸೆಲಿನ್ ಹ್ಯಾರಿಸ್, ಜಾನಿಸ್ ಎಂಗ್ ಮತ್ತು ಜೊತೆಯವರು 103 ಜನರ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದರು. ಥೆರಪಿಸ್ಟ್ ಪಕ್ಕದಲ್ಲಿ ಇರಬೇಕಾಗಿಲ್ಲ. ರೋಗಿಗೆ ಒಂದು ಪುಸ್ತಕ, ಒಂದಿಷ್ಟು ಸಾಮಾನು. ಕೈಯ ಶಕ್ತಿ ನೋಡಿ ಮೂರು ಹಂತ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ನಾಲ್ಕು ವಾರ. ಶಾಲೆಯ ಹೋಂವರ್ಕ್ ಹಾಗೆ ಅವರೇ ಮಾಡಿಕೊಳ್ಳುವುದು, ಥೆರಪಿಸ್ಟ್ ಆಗಾಗ ಬಂದು ನೋಡುವುದು. ಕೈಪಿಡಿ ಉಚಿತ. ಯಾವ ಅಭ್ಯಾಸ, ಎಷ್ಟು ಸಲ, ಯಾವ ಸಾಮಾನು ಅಂತ ಎಲ್ಲಾ ಬರೆದಿದ್ದಾರೆ.

ಈ ಕೊನೆಯ ಮಾತು ಚಿಕ್ಕದು ಅನ್ನಿಸಬಹುದು. ನನಗೆ ಅದು ತುಂಬಾ ದೊಡ್ಡದು. ಎಷ್ಟೋ ಲೇಖನಗಳಲ್ಲಿ ಚಿಕಿತ್ಸೆಯ ಭಾಗಕ್ಕೆ ಬಂದರೆ "ಕಾರ್ಯಾಧಾರಿತ ತರಬೇತಿ ನೀಡಲಾಯಿತು" ಅಂತ ಒಂದೇ ಸಾಲು ಇರುತ್ತದೆ. ಯಾವ ಕಾರ್ಯ? ಎಷ್ಟು ಸಲ? ಕಷ್ಟವಾದಾಗ ಹೇಗೆ ಸುಲಭ ಮಾಡಿದಿರಿ? ಅದನ್ನು ಓದಿ ನಾನು ನಾಳೆ ಬೆಳಗ್ಗೆ ಏನು ಮಾಡಲಿ? 2014ರಲ್ಲಿ ಟ್ಯಾಮಿ ಹಾಫ್‌ಮನ್ ಮತ್ತಿತರರು ಟೈಡಿಯರ್ ಅನ್ನುವ 12 ಅಂಶಗಳ ಪಟ್ಟಿ ಮಾಡಿದರು. ಚಿಕಿತ್ಸೆಯನ್ನು ಓದಿದವರು ಅದನ್ನೇ ಮತ್ತೆ ಮಾಡುವ ಹಾಗೆ ವಿವರವಾಗಿ ಬರೆಯಿರಿ ಅನ್ನುವುದೇ ಅದರ ಸಾರ. ಸಂಶೋಧನೆ ಮಾಡುವ ಗೆಳೆಯರು ಸಿಕ್ಕಾಗಲೆಲ್ಲ ನಾನು ಇದೊಂದನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಲೆಕ್ಕಾಚಾರದ ಕೋಷ್ಟಕ ನನಗೆ ಪೂರ್ತಿ ಅರ್ಥ ಆಗದಿದ್ದರೂ ನಡೆಯುತ್ತದೆ. ಆದರೆ ನೀವು ಏನು ಮಾಡಿಸಿದಿರಿ ಅನ್ನುವುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ನಮ್ಮ ಆಕ್ಯುಪೇಷನಲ್ ಥೆರಪಿಸ್ಟ್ ಜೊತೆ ಸೇರಿ ಹನ್ನೆರಡು ಡಬ್ಬಿ ಮಾಡಿದೆವು. ಚೆಂಡು, ಲೋಟ, ಟವೆಲ್, ಬಟ್ಟೆ ಕ್ಲಿಪ್, ಮರದ ತುಂಡು, ಗುಂಡಿ ಹಾಕುವ ಬಟ್ಟೆ. ಕೈಪಿಡಿಯನ್ನು ರೋಗಿಗಳು ಮಾತಾಡುವ ಭಾಷೆಗೆ ತಂದೆವು. ಒಂದು ಮಂಗಳವಾರ ಎಲ್ಲರನ್ನೂ ಸೇರಿಸಿ ಒಂದು ಗಂಟೆ ವಿವರಿಸಿದೆ. ತಲೆ ಆಡಿಸಿದರು. ಚಪ್ಪಾಳೆಯೂ ಬಿತ್ತು.

ಒಂದು ತಿಂಗಳು ಬಿಟ್ಟು ನೋಡಿದರೆ ಹನ್ನೆರಡರಲ್ಲಿ ಒಂಬತ್ತು ಡಬ್ಬಿ ಕಪಾಟಿನಲ್ಲೇ ಇದ್ದವು.

ಬೇಸರಕ್ಕಿಂತ ಕುತೂಹಲ ಜಾಸ್ತಿ ಆಯಿತು. ಒಬ್ಬೊಬ್ಬರನ್ನೇ ಹೋಗಿ ಕೇಳಿದೆ. ಯಾಕೆ ಮಾಡಲಿಲ್ಲ ಅಂತ ಕೇಳಲಿಲ್ಲ, ಎಲ್ಲಿ ತೊಡಕಾಯಿತು ಅಂತ ಕೇಳಿದೆ. ಕಪಾಟಿನ ಬೀಗದ ಕೈ ಫಿಸಿಯೋ ವಿಭಾಗದಲ್ಲಿತ್ತು, ನಾವು ನಾಲ್ಕಕ್ಕೆ ಹೊರಟುಬಿಡುತ್ತಿದ್ದೆವು. ಸಂಜೆ ಪಾಳಿಯ ಸಿಸ್ಟರ್‌ಗಳು ಮಂಗಳವಾರದ ಸಭೆಗೆ ಬಂದೇ ಇರಲಿಲ್ಲ, ಅವರ ಪಾಳಿ ಶುರುವಾಗುವುದೇ ಆಮೇಲೆ. ಡಬ್ಬಿ ತೆಗೆದರೆ ಇಡಲು ಮೇಜಿರಲಿಲ್ಲ. ಇದ್ದ ಮೇಜಿನ ಮೇಲೆ ಔಷಧಿ, ನೀರಿನ ಬಾಟಲಿ, ಮನೆಯವರ ಚೀಲ. ಪುಸ್ತಕದ ಅಕ್ಷರ ಸಣ್ಣದು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೇ ಹೆಚ್ಚು. ಒಬ್ಬ ಅಣ್ಣ ಹೇಳಿದ್ದು ಇನ್ನೂ ಮುಖ್ಯ. "ಮಾಡಿದ್ದೆ ಸರ್, ಮೂರು ದಿನ. ಯಾರೂ ಕೇಳಲಿಲ್ಲ. ಅಷ್ಟೇನೂ ಬೇಕಾದ್ದಲ್ಲವೇನೋ ಅಂತ ಸುಮ್ನೆ ಬಿಟ್ಟೆ."

ನಾನು ಹುಡುಕುತ್ತಿದ್ದ ತಡೆ ಇಲ್ಲಿತ್ತು. ಬೀಗದ ಕೈಯಲ್ಲಿ, ಮೇಜಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ, ಯಾರೂ ಕೇಳದೇ ಇದ್ದದ್ದರಲ್ಲಿ. 103 ಜನರ ಅಧ್ಯಯನದಲ್ಲಿ ಬೀಗದ ಕೈಯ ವಿಷಯ ಬರುವುದಿಲ್ಲ, ಬರಲೂಬೇಕಿಲ್ಲ. ಅದನ್ನು ನೋಡಬೇಕಾದವರು ವಾರ್ಡಿನಲ್ಲಿರುವ ನಾವೇ. ಇಯಾನ್ ಗ್ರಹಾಂ ಮತ್ತು ಜೊತೆಯವರು 2006ರಲ್ಲಿ ಬರೆದ ಲೇಖನದಲ್ಲಿ, ಸಂಶೋಧನೆಯ ತಿಳಿವಳಿಕೆಯನ್ನು ಬಳಕೆಗೆ ತರುವ ಹಂತಗಳನ್ನು ಒಂದು ಚಕ್ರದ ಚಿತ್ರವಾಗಿ ತೋರಿಸಿದ್ದಾರೆ. ಅದರಲ್ಲಿ ಸ್ಥಳೀಯ ತೊಡಕುಗಳನ್ನು ಗುರುತಿಸುವುದು ಅಂತ ಒಂದು ಹಂತ ಬರುತ್ತದೆ. ನಾನು ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ. ಆ ಹಂತ ಅಂದರೆ ಬೀಗದ ಕೈ ಅಂತ ಹೊಳೆದಿರಲಿಲ್ಲ.

ಡಬ್ಬಿಗಳನ್ನು ಮಂಚದ ಕೆಳಗೆ ತಂದಿಟ್ಟೆವು. ಬೀಗ ಹೋಯಿತು. ಮಂಚಕ್ಕೆ ಅಡ್ಡಲಾಗಿ ಬರುವ ಊಟದ ಮೇಜನ್ನು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಖಾಲಿ ಮಾಡಿಕೊಡುವುದು ಅಂತ ಸಿಸ್ಟರ್‌ಗಳೇ ತೀರ್ಮಾನಿಸಿದರು. ಪುಸ್ತಕದ ಬದಲು ಒಬ್ಬೊಬ್ಬರಿಗೂ ಒಂದೇ ಹಾಳೆ ಕೊಟ್ಟೆವು. ದೊಡ್ಡ ಚಿತ್ರ, ಐದೇ ಅಭ್ಯಾಸ, ಪಕ್ಕದಲ್ಲಿ ಗೀಟು ಹಾಕಲು ಜಾಗ. ಹಾಳೆ ಮಂಚದ ತುದಿಗೆ, ಜ್ವರದ ಚಾರ್ಟಿನ ಪಕ್ಕದಲ್ಲೇ. ಜೊತೆಗೆ ವಾರ್ಡಿನ ಹಿರಿಯ ಡಾಕ್ಟರ್ ಹತ್ತಿರ ಒಂದು ಕೋರಿಕೆ ಇಟ್ಟೆ. "ರೌಂಡ್ಸ್‌ನಲ್ಲಿ ಒಂದೇ ಪ್ರಶ್ನೆ ಕೇಳಿ ಸಾಕು ಡಾಕ್ಟ್ರೇ. ನಿನ್ನೆ ಎಷ್ಟು ಸಲ ಮಾಡಿದಿರಿ ಅಂತ."

ಅವರು ಕೇಳಿದರು. ದಿನಾ ಕೇಳಿದರು. ಬಿಪಿ ಎಷ್ಟು, ಶುಗರ್ ಎಷ್ಟು, ಲೋಟ ಎಷ್ಟು. ಈ ಒಂದು ಪ್ರಶ್ನೆ ಮಾಡಿದ ಕೆಲಸವನ್ನು ನನ್ನ ಒಂದು ಗಂಟೆಯ ಭಾಷಣ ಮಾಡಿರಲಿಲ್ಲ. ಡಾಕ್ಟರ್ ಕೇಳುತ್ತಾರೆ ಅಂದಮೇಲೆ ಮನೆಯವರೂ ಕೇಳಿದರು. ಪಕ್ಕದ ಮಂಚದವರೂ ಕೇಳಿದರು. ಮೂರು ಗಂಟೆಗೆ ವಾರ್ಡಿಗೆ ಹೋದರೆ ಮೇಜಿನ ಮೇಲೆ ಲೋಟ ಕುಟ್ಟುವ ಸದ್ದು.

ಲೋಟದ ಅಮ್ಮನಾಗಲಿ, ಅವರ ಜೊತೆಗಿದ್ದ ರೋಗಿಗಳಾಗಲಿ ಆಗ ವಾರ್ಡಿನಲ್ಲಿ ಇರಲಿಲ್ಲ, ಎಲ್ಲರೂ ಎಂದೋ ಡಿಸ್ಚಾರ್ಜ್ ಆಗಿದ್ದರು. ಅದು ನನಗೆ ಇವತ್ತಿಗೂ ನೋವಿನ ಸಂಗತಿ. ಆ ಅಮ್ಮನ ಕೈಗೆ ಬೇಕಾದದ್ದು ಅವರು ವಾರ್ಡಿನಲ್ಲಿದ್ದಾಗಲೇ ಕಾಗದದ ಮೇಲೆ ಇತ್ತು.

ಹೊಸದನ್ನು ಸೇರಿಸುವುದು ಹೀಗೆ ಹೇಗೋ ಆಯಿತು. ಹಳೆಯದನ್ನು ಬಿಡುವುದು ಬಹಳ ಕಷ್ಟವಾಯಿತು. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ನಮ್ಮ ವಿಭಾಗದ ಗೋಡೆಯ ಮೇಲೆ ಒಂದು ರಾಟೆ ಇತ್ತು. ತಲೆಯ ಮೇಲೆ ಕೊಕ್ಕೆ, ಹಗ್ಗ, ಎರಡು ತುದಿಗೆ ಎರಡು ಹಿಡಿ. ಸರಿಯಿರುವ ಕೈಯಿಂದ ಎಳೆದರೆ ದುರ್ಬಲ ಕೈ ಮೇಲೇಳುತ್ತದೆ. ರೋಗಿಗಳಿಗೆ ಅದೆಂದರೆ ಪ್ರೀತಿ. ಬಿದ್ದ ಕೈ ತಲೆಯ ಮೇಲೆ ಹೋಗುವುದನ್ನು ಕಣ್ಣಾರೆ ನೋಡಬಹುದು. ನಮಗೂ ಅನುಕೂಲ. ಒಬ್ಬರನ್ನು ರಾಟೆಗೆ ಕೂರಿಸಿದರೆ ಇನ್ನೊಬ್ಬರನ್ನು ನೋಡಲು ಬಿಡುವು ಸಿಗುತ್ತದೆ.

1990ರಲ್ಲೇ ಒಂದು ಅಧ್ಯಯನ ಬಂದಿತ್ತು. ಲಕ್ವ ಆದ 28 ಜನ, ಭುಜಕ್ಕೆ ಮೂರು ಬಗೆಯ ವ್ಯಾಯಾಮ. ಥೆರಪಿಸ್ಟ್ ತಾನೇ ಮೆಲ್ಲಗೆ ಆಡಿಸಿದವರಲ್ಲಿ ಶೇಕಡಾ 8 ಜನರಿಗೆ ಭುಜನೋವು ಬಂತು. ಹಲಗೆಯ ಮೇಲೆ ಕೈ ಜಾರಿಸಿದವರಲ್ಲಿ ಶೇಕಡಾ 12. ರಾಟೆ ಎಳೆದವರಲ್ಲಿ ಶೇಕಡಾ 62. ಕಾರಣ ಊಹಿಸುವುದು ಕಷ್ಟವಲ್ಲ. ಭುಜದ ಸುತ್ತಲಿನ ಸ್ನಾಯುಗಳು ಸಡಿಲವಾದಾಗ ತೋಳಿನ ಮೂಳೆ ಗುಳಿಯಿಂದ ಸ್ವಲ್ಪ ಕೆಳಗೆ ಜಾರಿರುತ್ತದೆ. ನಾವು ಸಹಜವಾಗಿ ಕೈ ಎತ್ತುವಾಗ ಬೆನ್ನಿನ ಮೇಲಿನ ಹೆಗಲೆಲುಬು ಜೊತೆಜೊತೆಗೇ ತಿರುಗುತ್ತದೆ, ತೋಳೂ ಹೊರಕ್ಕೆ ಹೊರಳುತ್ತದೆ. ಹಗ್ಗ ಇವನ್ನೆಲ್ಲ ಕಾಯುವುದಿಲ್ಲ. ನೆಟ್ಟಗೆ ಮೇಲೆ ಎಳೆಯುತ್ತದೆ. ನಡುವೆ ಸಿಕ್ಕ ಮೆತ್ತನೆಯ ಭಾಗ ನಜ್ಜುಗುಜ್ಜಾಗುತ್ತದೆ.

ನಾನು ಈ ಲೇಖನ ಹಿಡಿದುಕೊಂಡು ನಮ್ಮ ಹಿರಿಯ ಸಹೋದ್ಯೋಗಿಯ ಹತ್ತಿರ ಹೋದೆ. ನನಗೆ ಕೆಲಸ ಕಲಿಸಿದವರೇ ಅವರು. ಮೂವತ್ತು ವರ್ಷದ ಅನುಭವ. ಪೂರ್ತಿ ಓದಿದರು. ಆಮೇಲೆ ಕೇಳಿದರು, "28 ಜನ. ನಾನು ಎಷ್ಟು ಜನರಿಗೆ ರಾಟೆ ಹಾಕಿದ್ದೀನಿ ಗೊತ್ತಾ ನಿಮಗೆ?"

ಅದು ನ್ಯಾಯವಾದ ಪ್ರಶ್ನೆ. 28 ಸಣ್ಣ ಸಂಖ್ಯೆಯೇ. ನಾನು ವಾದ ಮಾಡಲಿಲ್ಲ. "ಮೇಡಂ, ನಿಮ್ಮ ಕೈಯಲ್ಲಿ ರಾಟೆ ಎಳೆದವರು ಮನೆಗೆ ಹೋದಮೇಲೆ ಭುಜನೋವು ಅಂತ ವಾಪಸ್ ಬಂದದ್ದು ಯಾರ ಹತ್ತಿರ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ವಾಪಸ್ ಬರುವವರು ಹೊರರೋಗಿ ವಿಭಾಗಕ್ಕೆ ಬರುತ್ತಾರೆ. ಅಲ್ಲಿ ನೋಡುವವರು ಬೇರೆ. ನಮ್ಮ ಕೆಲಸದ ಫಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೂವತ್ತು ವರ್ಷದ ಅನುಭವವೂ ಡಿಸ್ಚಾರ್ಜ್ ದಿನಕ್ಕೇ ಮುಗಿದುಹೋಗುತ್ತದೆ.

ಅವರು ಮಾಡಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಹೊರರೋಗಿ ವಿಭಾಗದ ಹಳೇ ಫೈಲುಗಳನ್ನು ತರಿಸಿಕೊಂಡು, ತಮ್ಮ ಕೈಯಿಂದ ಹೋದವರ ಹೆಸರು ಹುಡುಕಿದರು. ಒಂದು ವಾರ, ದಿನಾ ಕೆಲಸ ಮುಗಿದ ಮೇಲೆ. ಶುಕ್ರವಾರ ಸಂಜೆ ಒಂದು ಸ್ಟೂಲ್ ಹಾಕಿಕೊಂಡು ಹತ್ತಿ, ಹಗ್ಗ ಬಿಚ್ಚಿದರು. ಏನು ಸಿಕ್ಕಿತು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಾನು ಒಳ್ಳೆಯದೇ ಮಾಡುತ್ತಿದ್ದೇನೆ ಅಂತ ನಂಬಿದ್ದವರಿಗೆ ಅದೆಷ್ಟು ಭಾರ ಅನ್ನುವುದು ಹಗ್ಗ ಸುತ್ತುತ್ತಿದ್ದ ಕೈಗಳಲ್ಲೇ ಕಾಣುತ್ತಿತ್ತು.

ಅದಾದ ಮೇಲೂ ಗಲಾಟೆ ನಿಲ್ಲಲಿಲ್ಲ. ಒಬ್ಬ ರೋಗಿಯ ಮಗ ಬಂದು, "ಆ ಹಗ್ಗದ ಎಕ್ಸರ್‌ಸೈಜ್ ಯಾಕೆ ನಿಲ್ಲಿಸಿದಿರಿ, ಅಪ್ಪನಿಗೆ ಕೈ ಮೇಲೇಳುತ್ತಿತ್ತು" ಅಂತ ಜೋರು ಮಾಡಿದ. ಅವನ ಕಾಳಜಿ ಅದು. ಮೇಜಿನ ಮೇಲೆ ಟವೆಲ್ ಹಾಸಿ, ಎರಡೂ ಕೈ ಅದರ ಮೇಲಿಟ್ಟು ಮುಂದಕ್ಕೆ ಜಾರಿಸುವುದನ್ನು ತೋರಿಸಿದೆವು. "ಇದರಲ್ಲಿ ಕೈ ಅಷ್ಟು ಎತ್ತರ ಹೋಗುವುದಿಲ್ಲ. ಆದರೆ ದೂಡುವವರು ನಿಮ್ಮಪ್ಪನೇ, ಹಗ್ಗ ಅಲ್ಲ" ಅಂತ ನಮ್ಮ ಹಿರಿಯರೇ ವಿವರಿಸಿದರು. ಅವನಿಗೆ ಒಪ್ಪಿಗೆಯಾಯಿತು. ಲೇಖನದ ಮಾತು ನಮ್ಮ ಬಾಯಿಗೆ ಬರುವುದು ಹೀಗೆ, ಯಾರಿಗೋ ವಿವರಿಸಬೇಕಾಗಿ ಬಂದಾಗ.

ಇಷ್ಟೆಲ್ಲ ಆದಮೇಲೆ ನಮಗೆ ಹುಮ್ಮಸ್ಸು ಬಂದಿತ್ತು. ಎಣಿಕೆ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಅದಕ್ಕೆ ಲಗಾಮು ಹಾಕಿದ್ದೂ ಸಂಶೋಧನೆಯೇ. ವಾರ್ಡಿನಲ್ಲಿ ರೋಗಿಗಳು ಒಂಟಿಯಾಗಿ ಮಲಗಿರುವುದನ್ನು ತೋರಿಸಿಕೊಟ್ಟಿದ್ದ ಬರ್ನ್‌ಹಾರ್ಟ್ ಅವರೇ, ಮುಂದೆ ಅವರ್ಟ್ ಅನ್ನುವ ದೊಡ್ಡ ಪ್ರಯೋಗ ನಡೆಸಿದರು. 5 ದೇಶ, 56 ಆಸ್ಪತ್ರೆ, 2104 ಜನ. ಲಕ್ವ ಆದ 24 ಗಂಟೆಯೊಳಗೆ ಎಬ್ಬಿಸಿ, ಹೆಚ್ಚು ಹೊತ್ತು, ಹೆಚ್ಚು ಸಲ ನಡೆದಾಡಿಸಿದರೆ ಏನಾಗುತ್ತದೆ? 2015ರಲ್ಲಿ ಉತ್ತರ ಬಂತು. ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಆ ಗುಂಪಿನಲ್ಲಿ ಶೇಕಡಾ 46, ಮಾಮೂಲಿ ಆರೈಕೆಯವರಲ್ಲಿ ಶೇಕಡಾ 50. ಅಂದರೆ ತೀರಾ ಬೇಗ, ತೀರಾ ಜಾಸ್ತಿ ಮಾಡಿದರೆ ಕೆಡುಕೇ. ಆ ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಜಗತ್ತಿನ ಮುಂದಿಟ್ಟ ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ನಾವು ಮೊದಲ ದಿನದವರಿಗೆ ಡಬ್ಬಿ ಕೊಡುವುದನ್ನು ನಿಲ್ಲಿಸಿದೆವು. ಅವರನ್ನು ಎಬ್ಬಿಸುವುದಾದರೆ ಸ್ವಲ್ಪ ಸ್ವಲ್ಪ ಹೊತ್ತು ಅಂತ ಬದಲಾಯಿಸಿದೆವು.

ಮನೆಯವರ ವಿಷಯದಲ್ಲೂ ಹೀಗೇ ಆಯಿತು. ಡಿಸ್ಚಾರ್ಜ್ ಆದಮೇಲೆ ಮನೆಯವರಿಗೇ ಕಲಿಸಿಕೊಟ್ಟರೆ ಆಯಿತಲ್ಲ ಅಂದುಕೊಂಡಿದ್ದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ಜನರನ್ನು ಸೇರಿಸಿಕೊಂಡು ನಡೆದ ಅಟೆಂಡ್ ಅಧ್ಯಯನ ಪರೀಕ್ಷಿಸಿದ್ದು ಅದನ್ನೇ. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ, ಮನೆಯವರು ತರಬೇತಿ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಸಾವು ಅಥವಾ ಪರಾವಲಂಬನೆಯ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿ ಒಂದು ದಿನ ಕೈ ಚೆಲ್ಲಿ ಕೂತೆ. ಆಮೇಲೆ ಅನ್ನಿಸಿತು, ಮನೆಯವರಿಗೆ ಕಲಿಸುವುದು ಬಿಡಬೇಕಾಗಿಲ್ಲ. ಆದರೆ ಹೊರೆಯನ್ನೆಲ್ಲ ಅವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಈಗ ಡಿಸ್ಚಾರ್ಜ್ ಆದವರಿಗೆ ವಾರಕ್ಕೊಂದು ಫೋನ್ ಮಾಡುತ್ತೇವೆ. ಕೇಳುವುದು ಅದೇ ಪ್ರಶ್ನೆ, ಎಷ್ಟು ಸಲ ಮಾಡಿದಿರಿ. ಆಮೇಲೆ ಇನ್ನೊಂದು: ಭುಜ ನೋಯುತ್ತಿದೆಯಾ? ಈ ಎರಡನೆಯದನ್ನು ಸೇರಿಸಿದ್ದು ನಮ್ಮ ಹಿರಿಯರು. ಆ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಅವರೇ ಬರೆದಿಡುತ್ತಾರೆ, ಡಿಸ್ಚಾರ್ಜ್ ದಿನದ ಆಚೆಗೂ ನಮ್ಮ ಕಣ್ಣು ಹೋಗಲಿ ಅಂತ.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಮಾತು ಕಳೆದುಕೊಂಡವರಿಗೆ, ಎಡಭಾಗದ ಕಡೆ ಗಮನವೇ ಹೋಗದವರಿಗೆ ಆ ಹಾಳೆ ಇನ್ನೂ ಸರಿಹೊಂದುತ್ತಿಲ್ಲ. ಎಡಭಾಗ ಮರೆತವರು ಹಾಳೆಯ ಬಲಗಡೆಯ ಚಿತ್ರಗಳನ್ನು ಮಾತ್ರ ಮಾಡಿ, ಮುಗೀತು ಅನ್ನುತ್ತಾರೆ. ಅವರಿಗಾಗಿ ಚಿತ್ರಗಳನ್ನೆಲ್ಲ ಒಂದರ ಕೆಳಗೊಂದು ಬಲಬದಿಗೆ ಬರೆದು ನೋಡುತ್ತಿದ್ದೇವೆ. ರಜಾ ದಿನಗಳಲ್ಲಿ ಗೀಟುಗಳು ಅರ್ಧಕ್ಕರ್ಧ ಕಡಿಮೆ ಬೀಳುತ್ತವೆ. ಡಾಕ್ಟರ್ ಬದಲಾದ ತಿಂಗಳು ರೌಂಡ್ಸ್‌ನ ಪ್ರಶ್ನೆ ನಿಂತುಹೋಗಿತ್ತು, ಮತ್ತೆ ಹೋಗಿ ಕೇಳಿಕೊಂಡು ಶುರುಮಾಡಿಸಬೇಕಾಯಿತು.

ಹೋದ ವಾರ ಒಂದು ಮಧ್ಯಾಹ್ನ ವಾರ್ಡಿನಲ್ಲಿ ನಿಂತಿದ್ದೆ. ಲಕ್ವ ಆಗಿ ಹದಿನೆಂಟು ದಿನವಾದ ಒಬ್ಬರು ಮೇಜಿನ ಮೇಲೆ ಲೋಟ ಎತ್ತಿಡುತ್ತಿದ್ದರು. ಹೆಬ್ಬೆರಳು ಒಳಗೆ ಮಡಚಿಕೊಂಡಾಗ ನಿಂತು, ಎಡಗೈಯಿಂದ ತಾವೇ ಬಿಡಿಸಿ, ಮತ್ತೆ ಹಿಡಿಯುತ್ತಿದ್ದರು. ಹಾಳೆಯಲ್ಲಿ ಐದೈದು ಗೀಟುಗಳ ಕಟ್ಟು ಸಾಲಾಗಿ ಬಿದ್ದಿದ್ದವು. ನಾಲ್ಕು ಗಂಟೆಯಾಯಿತು. ಸಿಸ್ಟರ್ ಮೇಜು ತೆಗೆಯಲು ಬಂದರು.

"ಎಷ್ಟಾಯ್ತು?" ಅಂದರು ಸಿಸ್ಟರ್.

"ನೂರಾ ಹನ್ನೆರಡು. ಇನ್ನೊಂದು ಹದಿನೈದು ನಿಮಿಷ ಬಿಡಿ ಸಿಸ್ಟರ್" ಅಂದರು ಅವರು.

ಸಿಸ್ಟರ್ ಮೇಜು ಬಿಟ್ಟು ಮುಂದಿನ ಮಂಚಕ್ಕೆ ಹೋದರು.